ಮೊಬೈಲ್ ಕಸಿದ ಮೇಲೆ ಮಗುವಿಗೆ ಏನು ಕೊಡುತ್ತೇವೆ?

ಹಿಂದಿನ ಮಳೆಗಾಲದಲ್ಲಿ ಕಾರವಾರದ ಒಂದು ಪ್ರೌಢಶಾಲೆಯವರು ಪಾಲಕರ ಸಭೆಗೆ ನಮ್ಮನ್ನು ಕರೆದಿದ್ದರು. ನಾಲ್ಕು ಕತೆ ಬರೆದವರಿಗೆ ಇಂಥ ಕರೆಗಳು ಬರುತ್ತಲೇ ಇರುತ್ತವೆ. ಕೊಟ್ಟ ವಿಷಯ ‘ಮಕ್ಕಳು ಮತ್ತು ಮೊಬೈಲ್’. ಎಲ್ಲರೂ ಆಡುವ ಮಾತುಗಳನ್ನೇ ನಾವೂ ಆಡಿದೆವು. ಕಣ್ಣು ಹಾಳಾಗುತ್ತದೆ, ನಿದ್ದೆ ಕೆಡುತ್ತದೆ, ಓದು ಹಿಂದೆ ಬೀಳುತ್ತದೆ ಎಂದೆವು. ತಾಯಂದಿರು ತಲೆದೂಗಿದರು. ತಲೆದೂಗುತ್ತಲೇ ಕೆಲವರು ಬಂದ ಸಂದೇಶವನ್ನೂ ನೋಡಿಕೊಂಡರು. ಕೊನೆಗೆ, ಮಕ್ಕಳು ಏನಾದರೂ ಕೇಳುವುದಿದ್ದರೆ ಕೇಳಲಿ ಎಂದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಸಂಜೆ ನಮ್ಮ ಅಣ್ಣ ಬೀಚಿಗೆ ಆಡ್ಲಿಕ್ಕೆ ಹೋಗ್ತಾನೆ. ನನ್ನ ಹೊರಗೆ ಬಿಡೂದಿಲ್ಲ. ಮೊಬೈಲೂ ನೋಡಬಾರ್ದು ಅಂದ್ರೆ ನಾನು ಏನು ಮಾಡ್ಬೇಕು?”

ಸಭೆ ನಕ್ಕಿತು. ನಾವೂ ನಕ್ಕೆವು. “ಪುಸ್ತಕ ಓದಮ್ಮಾ” ಎಂದು ಹೇಳಿ ಕುಳಿತೆವು. ಶಾಲೆಯ ಪುಸ್ತಕದ ಕಪಾಟಿಗೆ ಬೀಗ ಹಾಕಿದ್ದನ್ನು ಒಳಗೆ ಬರುವಾಗಲೇ ನೋಡಿದ್ದೆವು ಎಂಬುದು ನೆನಪಾದದ್ದು ಮನೆಗೆ ಮರಳುವ ದಾರಿಯಲ್ಲಿ. ಆ ಹುಡುಗಿ ಉಡಾಫೆಯಿಂದ ಕೇಳಿದ್ದಲ್ಲ. ಉತ್ತರ ಬೇಕಾಗಿಯೇ ಕೇಳಿದ್ದಳು. ಈ ಲೇಖನ ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಹುಡುಕುವ ಒಂದು ತಡವಾದ ಪ್ರಯತ್ನ. ಹುಡುಕಾಟಕ್ಕೆ ನೆಪವಾದದ್ದು ಇತ್ತೀಚೆಗೆ ಜಗತ್ತಿನಾದ್ಯಂತ ಚರ್ಚೆಗೊಳಗಾದ ಒಂದು ಪುಸ್ತಕ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಾಮಾಜಿಕ ಮನೋವಿಜ್ಞಾನಿ ಜೊನಾಥನ್ ಹೈಟ್ ಬರೆದ ‘ದಿ ಆಂಕ್ಷಿಯಸ್ ಜನರೇಶನ್’ 2024ರ ಮಾರ್ಚಿನಲ್ಲಿ ಪ್ರಕಟವಾಯಿತು. ‘ಆತಂಕದ ಪೀಳಿಗೆ’ ಎಂದು ಅದನ್ನು ಕರೆಯಬಹುದು. ಅವರ ವಾದ ಇಷ್ಟು. 2010ರಿಂದ 2015ರ ನಡುವೆ ಅಮೆರಿಕ, ಬ್ರಿಟನ್ ಮುಂತಾದ ದೇಶಗಳ ಮಕ್ಕಳ ಕೈಗೆ ಸ್ಮಾರ್ಟ್‌ಫೋನ್ ಬಂತು. ಮುಂಬದಿಯ ಕ್ಯಾಮೆರಾ ಬಂತು, ಇನ್‌ಸ್ಟಾಗ್ರಾಮ್ ಬಂತು. ಅದೇ ಹೊತ್ತಿನಲ್ಲಿ ಹದಿಹರೆಯದವರಲ್ಲಿ ಆತಂಕ, ಖಿನ್ನತೆ, ತಮಗೆ ತಾವೇ ಗಾಯ ಮಾಡಿಕೊಳ್ಳುವ ಪ್ರವೃತ್ತಿ ಏರತೊಡಗಿತು. ಆಟದ ಬಾಲ್ಯ ಹೋಗಿ ಫೋನಿನ ಬಾಲ್ಯ ಬಂತು ಎನ್ನುತ್ತಾರೆ ಅವರು. ಒಡನಾಟ ಕಡಿಮೆಯಾಗುವುದು, ನಿದ್ದೆ ಕೆಡುವುದು, ಗಮನ ಚೂರುಚೂರಾಗುವುದು, ಚಟ ಹತ್ತುವುದು ಎಂದು ನಾಲ್ಕು ಹಾನಿಗಳನ್ನು ಪಟ್ಟಿಮಾಡುತ್ತಾರೆ. ಹೆಣ್ಣುಮಕ್ಕಳಿಗೆ ಸಾಮಾಜಿಕ ಜಾಲತಾಣದಿಂದ ಪೆಟ್ಟು ಬಿದ್ದರೆ ಗಂಡುಮಕ್ಕಳು ಆಟಗಳ ಪರದೆಯೊಳಗೆ ಸರಿದುಹೋಗಿ ಹೊರಜಗತ್ತಿನಿಂದ ದೂರವಾಗುತ್ತಾರೆ ಎಂಬುದು ಅವರ ನಿರೂಪಣೆ.

ಆದರೆ ಪುಸ್ತಕದ ಇನ್ನೊಂದು ಅರ್ಧವಿದೆ. ನಮ್ಮ ಮಟ್ಟಿಗೆ ಅದೇ ಮುಖ್ಯ ಭಾಗ. ಫೋನು ಬರುವ ಬಹಳ ಮೊದಲೇ, 1980ರ ದಶಕದಿಂದಲೇ, ಹಿರಿಯರು ಮಕ್ಕಳನ್ನು ಹೊರಗೆ ಬಿಡುವುದನ್ನು ನಿಲ್ಲಿಸತೊಡಗಿದ್ದರು ಎನ್ನುತ್ತಾರೆ ಹೈಟ್. ನಿಜ ಜಗತ್ತಿನಲ್ಲಿ ಅತಿಯಾದ ರಕ್ಷಣೆ, ಪರದೆಯ ಜಗತ್ತಿನಲ್ಲಿ ರಕ್ಷಣೆಯೇ ಇಲ್ಲ ಎಂಬ ವಿಪರ್ಯಾಸವನ್ನು ಅವರು ಗುರುತಿಸುತ್ತಾರೆ. ಗಾಳಿಗೆ ಮೈಯೊಡ್ಡದ ಗಿಡ ಗಟ್ಟಿಯಾಗುವುದಿಲ್ಲ, ಹಾಗೆಯೇ ಬಿದ್ದು ಎದ್ದು, ಜಗಳವಾಡಿ ರಾಜಿಯಾಗಿ, ದಾರಿ ತಪ್ಪಿ ಮತ್ತೆ ದಾರಿ ಹುಡುಕಿಕೊಳ್ಳದ ಮಗು ಸಣ್ಣದಕ್ಕೂ ಹೆದರುತ್ತದೆ. ಅವರು ಸೂಚಿಸುವ ಪರಿಹಾರಗಳೂ ನಾಲ್ಕು. ಹದಿನಾಲ್ಕರ ಮೊದಲು ಸ್ಮಾರ್ಟ್‌ಫೋನ್ ಬೇಡ, ಹದಿನಾರರ ಮೊದಲು ಜಾಲತಾಣ ಬೇಡ, ಶಾಲೆಯಲ್ಲಿ ಫೋನ್ ಬೇಡ. ನಾಲ್ಕನೆಯದು, ಮಕ್ಕಳಿಗೆ ಹೆಚ್ಚು ಸ್ವಾತಂತ್ರ್ಯ, ಹೆಚ್ಚು ಆಟ, ಹೆಚ್ಚು ಹೊಣೆಗಾರಿಕೆ.

ನಾಲ್ಕರಲ್ಲಿ ಮೂರು ಬೇಡ, ಒಂದು ಬೇಕು. ನಮ್ಮ ಸಭೆಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ, ಜುಮಾ ನಂತರದ ಮಾತುಕತೆಗಳಲ್ಲಿ, ದೇವಸ್ಥಾನದ ಜಗಲಿಗಳಲ್ಲಿ ಕೇಳಿಬರುವುದು ಆ ಮೂರು ‘ಬೇಡ’ಗಳು ಮಾತ್ರ. ‘ಬೇಕು’ ಎಂಬುದನ್ನು ಯಾರೂ ಎತ್ತುವುದಿಲ್ಲ. ಕಾರಣ ಸುಲಭ. ಮೊದಲ ಮೂರನ್ನು ಮಗುವಿನಿಂದ ವಸೂಲಿ ಮಾಡಬಹುದು, ನಾಲ್ಕನೆಯದನ್ನು ಹಿರಿಯರೇ ತಮ್ಮ ಕೈಯಿಂದ ಕೊಡಬೇಕು.

ಪುಸ್ತಕವನ್ನು ನಮ್ಮ ಊರಿನಲ್ಲಿಟ್ಟು ಓದಿದರೆ ಮೊದಲು ಹೊಂದದೆ ಹೋಗುವುದು ಅದರ ಕಾಲಗಣನೆ. 2010-15ರ ಕತೆ ನಮ್ಮದಲ್ಲ. ಉತ್ತರ ಕನ್ನಡದ ಮನೆಗಳಿಗೆ ಅಗ್ಗದ ಇಂಟರ್ನೆಟ್ ನುಗ್ಗಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ. ಮಕ್ಕಳ ಕೈಗೆ ಫೋನನ್ನು ಕೊಟ್ಟದ್ದು 2020ರ ಲಾಕ್‌ಡೌನ್. ಕೊಟ್ಟವರು ಬೇರೆ ಯಾರೂ ಅಲ್ಲ, ನಾವೇ, ಅದೂ ಶಾಲೆಯ ಹೆಸರಿನಲ್ಲಿ. ಘಟ್ಟದ ಸೆರಗಿನ ಹಳ್ಳಿಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ ಚಿತ್ರಗಳನ್ನು ಪತ್ರಿಕೆಗಳು ಸಾಧನೆಯೆಂಬಂತೆ ಅಚ್ಚು ಹಾಕಿದವು. ಸಾಲ ಮಾಡಿ, ಕಿವಿಯ ಓಲೆ ಅಡವಿಟ್ಟು ಫೋನು ತಂದ ತಾಯಂದಿರು ನಮ್ಮ ಕೇರಿಯಲ್ಲೂ ಇದ್ದರು. ಎರಡು ವರ್ಷ ‘ಫೋನ್ ನೋಡದಿದ್ದರೆ ಪಾಠ ತಪ್ಪುತ್ತದೆ’ ಎಂದು ಗದರಿದ ಅದೇ ಬಾಯಿ ಮೂರನೆಯ ವರ್ಷ ‘ಫೋನ್ ನೋಡಿದರೆ ಪಾಠ ತಪ್ಪುತ್ತದೆ’ ಎಂದು ಗದರಿತು. ಮಗುವಿನ ಗೊಂದಲವನ್ನು ಯಾರೂ ಕೇಳಲಿಲ್ಲ.

ಹೊಂದದಿರುವ ಎರಡನೆಯ ಸಂಗತಿ, ಫೋನಿನ ಒಡೆತನ. ಹೈಟ್ ಅವರ ಕಣ್ಣ ಮುಂದಿರುವುದು ತನ್ನದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತನ್ನದೇ ಫೋನು ಹಿಡಿದ ಮಗು. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಫೋನು ಅಮ್ಮನದು ಅಥವಾ ಅಪ್ಪನದು. ಮೂರು ಮಕ್ಕಳು, ಒಂದು ಫೋನು, ಒಂದು ಚಾರ್ಜರು. 2024ರ ‘ಅಸರ್’ ಸಮೀಕ್ಷೆ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳನ್ನು ಮಾತನಾಡಿಸಿತ್ತು. ಸುಮಾರು ಶೇ. 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಶೇ. 82ರಷ್ಟು ಮಕ್ಕಳಿಗೆ ಅದನ್ನು ಬಳಸಲು ಬರುತ್ತಿತ್ತು. ಹಾಗೆ ಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ. 57, ಜಾಲತಾಣಕ್ಕೆ ಬಳಸಿದವರು ಶೇ. 76. ಈ ಅಂಕಿಗಳನ್ನು ನೋಡಿ ಹೌಹಾರುವ ಮೊದಲು ಒಂದು ಮಾತು. ಮಗು ಆ ಫೋನನ್ನು ಪಡೆದದ್ದು ಹಿರಿಯರ ಕೈಯಿಂದ. ಕೂಸು ಊಟ ಮಾಡಲೆಂದು, ಅಡುಗೆಮನೆಯಲ್ಲಿ ಕೆಲಸ ಸಾಗಲೆಂದು, ನೆಂಟರು ಬಂದಾಗ ಗಲಾಟೆ ಮಾಡದಿರಲೆಂದು ನಾವೇ ಅದನ್ನು ಎತ್ತಿ ಕೊಟ್ಟಿದ್ದೇವೆ.

ಇನ್ನೊಂದು ಸಂಗತಿಯನ್ನು ಅಮೆರಿಕದ ಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಅಪ್ಪ ಎಂದರೆ ಒಂದು ಪರದೆ. ಅವರು ದುಬೈಯಲ್ಲೋ ದಮ್ಮಾಮಿನಲ್ಲೋ ಮಸ್ಕತ್ತಿನಲ್ಲೋ ಇರುತ್ತಾರೆ, ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ನಾವು ಚಿಕ್ಕವರಿದ್ದಾಗ ನಮ್ಮ ಚಾಚಾ ಸೌದಿಯಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಮನೆಯ ಹೆಂಗಸರೆಲ್ಲ ಟೇಪ್‌ರೆಕಾರ್ಡರಿನ ಸುತ್ತ ಕುಳಿತು ಕೇಳುತ್ತಿದ್ದರು, ಮತ್ತೆ ಮತ್ತೆ ಹಿಂದೆ ತಿರುಗಿಸಿ ಕೇಳುತ್ತಿದ್ದರು. ಇಂದು ಇಶಾ ಕಳೆದ ಮೇಲೆ ವಿಡಿಯೋ ಕರೆ ಬರುತ್ತದೆ. “ಅಬ್ಬೂಗೆ ಹಲ್ಲು ತೋರಿಸು, ಮಾರ್ಕ್ಸ್ ಹೇಳು” ಎಂದು ಮಗುವನ್ನು ಫೋನಿನ ಮುಂದೆ ನಿಲ್ಲಿಸುತ್ತಾರೆ. ಭಾರತೀಯ ಮಕ್ಕಳ ವೈದ್ಯರ ಸಂಘವು ಎರಡು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ ಎನ್ನುವಾಗಲೂ ಬಂಧುಗಳೊಂದಿಗೆ ಅಪರೂಪಕ್ಕೆ ಆಡುವ ವಿಡಿಯೋ ಮಾತನ್ನು ಮಾತ್ರ ಹೊರತುಪಡಿಸಿದೆ. ಪರದೆಯ ಹೊತ್ತನ್ನು ಗಂಟೆಗಳಲ್ಲಿ ಅಳೆದರೆ ಸಾಲದು, ಪರದೆಯಲ್ಲಿ ಯಾರಿದ್ದಾರೆ ಎಂಬುದನ್ನೂ ನೋಡಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಅಪ್ಪನ ಮುಖ ಬರುವ ಅದೇ ಗಾಜಿನಲ್ಲಿ ಮರುಕ್ಷಣ ರೀಲ್ಸ್ ಬರುತ್ತದೆ. ಮಗುವಿಗೆ ಎರಡನ್ನೂ ಬೇರ್ಪಡಿಸಿ ತೋರಿಸುವವರು ಯಾರು?

ಈಗ ಆಟದ ಜಾಗದ ವಿಚಾರಕ್ಕೆ ಬರೋಣ. ಕಾರವಾರ ಎಂದರೆ ಕಡಲು ಎಂದು ಹೊರಗಿನವರು ತಿಳಿಯುತ್ತಾರೆ. ಯುವಕ ರವೀಂದ್ರನಾಥ ಟ್ಯಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಈ ತೀರಕ್ಕೆ ಮನಸೋತದ್ದನ್ನು ನಾವು ಇಂದಿಗೂ ಹೇಳಿಕೊಳ್ಳುತ್ತೇವೆ, ಬೀಚಿಗೆ ಅವರ ಹೆಸರನ್ನೇ ಇಟ್ಟಿದ್ದೇವೆ. ಆದರೆ ಊರಿಗೂ ಕಡಲಿಗೂ ನಡುವೆ ಈಗ ಚತುಷ್ಪಥ ಹೆದ್ದಾರಿ ಮಲಗಿದೆ. ಹತ್ತು ವರ್ಷದ ಮಗುವನ್ನು ಒಂಟಿಯಾಗಿ ಅದನ್ನು ದಾಟಿಸಲು ಯಾವ ತಾಯಿ ಒಪ್ಪುತ್ತಾಳೆ? ದಕ್ಷಿಣಕ್ಕೆ ಹೋದರೆ 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆ, 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ. ದೇಶದ ರಕ್ಷಣೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಬಂದವು. ಪರಿಹಾರದ ಲೆಕ್ಕದಲ್ಲಿ ತೆಂಗಿನ ಮರಕ್ಕೂ ಬೆಲೆ ಕಟ್ಟಿದರು, ಮಕ್ಕಳು ಆಡುವ ಮರಳಿಗೆ ಯಾರೂ ಬೆಲೆ ಕಟ್ಟಲಿಲ್ಲ. ಅಂಕೋಲೆಯ ಕೇಣಿಯಲ್ಲಿ ಈಗ ಬಂದರಿನ ಮಾತು ಎದ್ದು ಮೀನುಗಾರರು ಬೀದಿಗಿಳಿದಿದ್ದಾರೆ. ಅಲ್ಲಿಯೂ ಉದ್ಯೋಗ, ಮೀನು, ಭೂಮಿಯ ಮಾತು ಬರುತ್ತದೆ. ಮಗುವಿನ ಸಂಜೆಯ ಮಾತು ಬರುವುದಿಲ್ಲ. ಗದ್ದೆ ಕೊಯ್ಲಾದ ಮೇಲೆ ಚೆಂಡಾಡುತ್ತಿದ್ದ ಜಾಗಗಳು ಸೈಟುಗಳಾದವು, ಅಂಗಳಗಳಿಗೆ ಕಾಂಪೌಂಡು ಎದ್ದಿತು. ಸಂಜೆಯ ಎರಡು ಗಂಟೆಯನ್ನು ಟ್ಯೂಷನ್ ತಿಂದಿತು.

ಹಾಗೆಂದು ಹಳೆಯ ಕಾಲ ಚಿನ್ನದ ಕಾಲವಾಗಿತ್ತು ಎಂದು ಹಾಡತೊಡಗಿದರೆ ಅದೂ ಸುಳ್ಳಾಗುತ್ತದೆ. ಹೈಟ್ ಅವರ ಪುಸ್ತಕದ ದೊಡ್ಡ ದೌರ್ಬಲ್ಯ ಇಲ್ಲೇ ಇದೆ ಎಂದು ನಮಗನ್ನಿಸುತ್ತದೆ. ಅವರು ಹೇಳುವ ‘ಆಟದ ಬಾಲ್ಯ’ ಯಾರಿಗಿತ್ತು? ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ‘ವೃಕ್ಷಮಾತೆ’ ಎಂದು ನಾಡು ಕೊಂಡಾಡಿತು, ಪದ್ಮಶ್ರೀ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಕಂಬನಿ ಮಿಡಿದೆವು. ಆದರೆ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಆ ಹುಡುಗಿ ಶಾಲೆಯ ಮುಖ ನೋಡದೆ ತಾಯಿಯ ಜೊತೆ ನರ್ಸರಿಯ ಕೂಲಿಗೆ ಹೋದವಳು. ನಮ್ಮ ಅಮ್ಮೀಜಾನರ ಬಾಲ್ಯವೂ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತುಕೊಂಡೇ ಮುಗಿದಿತ್ತು. ನಾವು ಹುಡುಗರು ಮರಳಿನಲ್ಲಿ ಹೊರಳಾಡುತ್ತಿದ್ದಾಗ ನಮ್ಮ ಆಪಾ ಕಿಟಕಿಯಿಂದ ನೋಡುತ್ತಿದ್ದಳು. ಆಗ ಕಿಟಕಿ, ಈಗ ಮೊಬೈಲು. ಸಭೆಯಲ್ಲಿ ಎದ್ದು ನಿಂತ ಹುಡುಗಿ ಹೇಳಿದ್ದೂ ಅದನ್ನೇ. ಹುಡುಗರಿಗೆ ಫೋನು ಆಟವನ್ನು ಕಸಿದುಕೊಂಡಿರಬಹುದು. ಎಷ್ಟೋ ಹುಡುಗಿಯರಿಗೆ ಕಸಿದುಕೊಳ್ಳಲು ಆಟವೇ ಇರಲಿಲ್ಲ. ಅವರಿಗೆ ಫೋನು ಮೊದಲ ಬಾರಿಗೆ ತೆರೆದ ಬಾಗಿಲು. ಬಾಗಿಲಿನ ಆಚೆ ಗುಂಡಿಯಿದೆ ಎಂದು ಎಚ್ಚರಿಸುವುದು ಸರಿ. ಬಾಗಿಲು ಮುಚ್ಚಿ ಮತ್ತೆ ಕಿಟಕಿಯ ಬಳಿ ಕುಳ್ಳಿರಿಸುವುದು ಪರಿಹಾರವಲ್ಲ.

ಆತಂಕ ಎಂಬ ಶಬ್ದವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ರಸ್ತೆಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಮನುಷ್ಯರು ಮಣ್ಣಿನೊಡನೆ ಗಂಗಾವಳಿಗೆ ಸೇರಿದರು. ಆಚೆ ದಡದ ಉಳುವರೆಯ ಮನೆಗಳಿಗೂ ನದಿ ಉಕ್ಕಿ ಬಡಿಯಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಲಾರಿಯೊಳಗೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಈ ನಡುವೆ ಆಗಸ್ಟ್ 7ರ ರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಎರಡು ತಿಂಗಳಿಗೂ ಹೆಚ್ಚು ಕಾಲ ನಮ್ಮ ಮನೆಗಳ ಟಿವಿಯಲ್ಲಿ, ಫೋನಿನಲ್ಲಿ ಅದೇ ಗುಡ್ಡ ಮತ್ತೆ ಮತ್ತೆ ಜಾರಿತು. ಹಿನ್ನೆಲೆಯಲ್ಲಿ ಸಂಗೀತ, ಕೆಂಪು ಬಾಣದ ಗುರುತು. ಅಂಕೋಲೆಯ ಪೇಟೆಯಲ್ಲಿ ನಾವು ತರಕಾರಿ ಕೊಳ್ಳುವ ಹಾಲಕ್ಕಿ ಅಜ್ಜಿ ಆ ದಿನಗಳಲ್ಲಿ ಹೇಳಿದ್ದು: “ಸಾಯ್ಬ್ರೇ, ಮೊಮ್ಮಗ ಮಳೆ ಬಂದ್ರೆ ಮಲಗೂದಿಲ್ಲ. ಗುಡ್ಡ ಬಂತು ಅಂತ ಏಳ್ತದೆ. ಗುಡ್ಡ ನಮ್ಮನೆ ಹತ್ರ ಇಲ್ವೇ ಇಲ್ಲ, ಮೊಬೈಲಲ್ಲಿ ಅದೆ.”

ಆ ಮಗುವಿನ ಹೆದರಿಕೆಗೆ ಯಾವುದು ಕಾರಣ? ಪರದೆ ಎಂದರೆ ಅರ್ಧ ಸತ್ಯ. ಗುಡ್ಡ ನಿಜಕ್ಕೂ ಕುಸಿದಿತ್ತು. ಹೆದ್ದಾರಿಗಾಗಿ ಕಡಿದ ಗುಡ್ಡಗಳ ಕೆಳಗೆ ಮಕ್ಕಳು ದಿನವೂ ಶಾಲೆಗೆ ಹೋಗುತ್ತಾರೆ. ಪರದೆ ಮಾಡಿದ್ದೇನೆಂದರೆ ಒಮ್ಮೆ ನಡೆದ ದುರಂತವನ್ನು ಮಗುವಿನ ಕಣ್ಣೆದುರು ನೂರು ಸಲ ನಡೆಸಿದ್ದು. ಹಿಂದೆ ಸಾವಿನ ಸುದ್ದಿಯನ್ನು ಹಿರಿಯರು ಮಗುವಿಗೆ ಮಾತಿನಲ್ಲಿ ಹೇಳುತ್ತಿದ್ದರು, ಹೇಳುವಾಗ ಬೆನ್ನ ಮೇಲೆ ಕೈಯಿರುತ್ತಿತ್ತು. ಈಗ ಸುದ್ದಿ ಮೊದಲು ಮಗುವಿಗೆ ತಲುಪುತ್ತದೆ, ಕೈ ತಲುಪುವುದೇ ಇಲ್ಲ. ಮಗುವಿನ ಫೋನನ್ನು ಕಸಿದುಕೊಂಡು ಗುಡ್ಡದ ಬಗ್ಗೆ ಏನನ್ನೂ ಹೇಳದಿದ್ದರೆ ಆತಂಕ ಹೋಗುವುದಿಲ್ಲ, ಒಳಗಿಳಿಯುತ್ತದೆ.

ಹೀಗೆ ಒಳಗಿಳಿದ ಇನ್ನೊಂದು ಭಯವನ್ನು ಈ ಪತ್ರಿಕೆಯ ಓದುಗರ ಮುಂದೆ ಮುಚ್ಚಿಡುವ ಅಗತ್ಯವಿಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಯುವಕನೊಬ್ಬನ ಸಾವಿನ ಸುತ್ತ ಹಬ್ಬಿದ ವದಂತಿಗಳು ಜಿಲ್ಲೆಯನ್ನೇ ಹೊತ್ತಿಸಿದವು. ವಾಟ್ಸಾಪಿನಲ್ಲಿ ಚಿತ್ರಹಿಂಸೆಯ ಕತೆಗಳು ಹರಿದಾಡಿದವು. ಅದು ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟಿದ್ದು 2022ರಲ್ಲಿ. ಐದು ವರ್ಷ ಆ ಸುಳ್ಳು ಮಕ್ಕಳ ತಲೆಯಲ್ಲಿ, ಎರಡೂ ಸಮುದಾಯದ ಮಕ್ಕಳ ತಲೆಯಲ್ಲಿ, ಮನೆ ಮಾಡಿಕೊಂಡಿತ್ತು. ಅದೇ 2022ರ ಆರಂಭದಲ್ಲಿ ಕರ್ನಾಟಕದ ಕಾಲೇಜು ಗೇಟುಗಳಲ್ಲಿ ಹೆಣ್ಣುಮಕ್ಕಳ ಹಿಂದೆ ಕ್ಯಾಮೆರಾಗಳು ಓಡಿದ್ದನ್ನು ನಾವೆಲ್ಲ ನೋಡಿದೆವು. ಅಂದು ಆ ಮಕ್ಕಳು ಪರದೆಯನ್ನು ನೋಡುತ್ತಿರಲಿಲ್ಲ, ಪರದೆ ಅವರನ್ನು ನೋಡುತ್ತಿತ್ತು. ತನ್ನ ಉಡುಗೆಯ ಬಗ್ಗೆ, ತನ್ನ ಹೆಸರಿನ ಬಗ್ಗೆ ಅಪರಿಚಿತರು ಬರೆದ ಮಾತುಗಳನ್ನು ರಾತ್ರಿ ಹಾಸಿಗೆಯಲ್ಲಿ ಓದುವ ಹುಡುಗಿಯ ಆತಂಕಕ್ಕೆ ‘ಸ್ಕ್ರೀನ್ ಟೈಮ್’ ಎಂಬ ಶಬ್ದ ಸಾಲುವುದಿಲ್ಲ. ಹೈಟ್ ಅವರ ನಾಲ್ಕು ಹಾನಿಗಳ ಪಟ್ಟಿಯಲ್ಲಿ ದ್ವೇಷಕ್ಕೆ ತನ್ನದೇ ಒಂದು ಸಾಲಿಲ್ಲ. ಇಲ್ಲಿ ಕುಳಿತು ಬರೆದಿದ್ದರೆ ಅದನ್ನು ಐದನೆಯದಾಗಿ ಸೇರಿಸಬೇಕಾಗುತ್ತಿತ್ತು.

ವಿಜ್ಞಾನಿಗಳಲ್ಲೂ ಹೈಟ್ ಅವರನ್ನು ಒಪ್ಪದವರು ಇದ್ದಾರೆ. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಕ್ಯಾಂಡಿಸ್ ಓಡ್ಜರ್ಸ್ ‘ನೇಚರ್’ ಪತ್ರಿಕೆಯಲ್ಲಿ ಈ ಪುಸ್ತಕವನ್ನು ವಿಮರ್ಶಿಸುತ್ತಾ, ಫೋನು ಮತ್ತು ಆತಂಕ ಒಟ್ಟಿಗೆ ಏರಿದವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿತವಾಗುವುದಿಲ್ಲ ಎಂದು ಆಕ್ಷೇಪಿಸಿದರು. ಮೊದಲೇ ಕುಗ್ಗಿದ ಮಕ್ಕಳು ಫೋನಿಗೆ ಹೆಚ್ಚು ಅಂಟಿಕೊಳ್ಳುವುದೂ ಸಾಧ್ಯ. ಈ ಆಕ್ಷೇಪ ತೂಕದ್ದು. ಆದರೆ ಪುರಾವೆ ಪೂರ್ತಿ ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪರದೆ ನಿದ್ದೆಯನ್ನು ಕೆಡಿಸುತ್ತದೆ ಎಂಬುದಕ್ಕೆ ನಡುರಾತ್ರಿ ಎದ್ದ ಯಾವ ತಾಯಿಯನ್ನು ಕೇಳಿದರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ತಂತ್ರಜ್ಞಾನದ ಗೀಳಿಗೆ ಬಿದ್ದವರಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯ ತೆರೆದಿತ್ತು. ಆ ಹೆಸರು ಬಾಗಿಲು ಮುಚ್ಚು ಎಂಬಂತೆ ಕೇಳಿಸಿದರೂ ಅದರ ವಿಸ್ತೃತ ರೂಪದ ಅರ್ಥ ‘ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ’. ಆರೋಗ್ಯಕರ ಬಳಕೆ ಎಂದಿದ್ದಾರೆ, ನಿಷೇಧ ಎಂದಿಲ್ಲ.

ನಿಷೇಧದ ಗಾಳಿ ಈಗ ಜೋರಾಗಿದೆ. ಆಸ್ಟ್ರೇಲಿಯಾ ಹದಿನಾರರೊಳಗಿನವರಿಗೆ ಜಾಲತಾಣದ ಖಾತೆಯನ್ನು ನಿರ್ಬಂಧಿಸಿ, 2025ರ ಡಿಸೆಂಬರ್ 10ರಿಂದ ಅದನ್ನು ಜಾರಿಗೆ ತಂದಿತು. ನಮ್ಮ ದೇಶದಲ್ಲೂ ಅಂಥ ಮಾತು ಕೇಳಿಬರುತ್ತಿದೆ. ಆಸ್ಟ್ರೇಲಿಯಾದ ಕಾನೂನಿನಲ್ಲಿ ಮೆಚ್ಚತಕ್ಕ ಅಂಶವೊಂದಿದೆ. ದಂಡ ಮಗುವಿಗಲ್ಲ, ತಾಯಿಗಲ್ಲ, ಕಂಪನಿಗೆ. ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು ರೂಪಿಸಿದವರು, ಮಗು ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕವಿಟ್ಟವರು ಆ ಕಂಪನಿಗಳೇ. ಹಾಗಿರುವಾಗ ‘ಈಗಿನ ಮಕ್ಕಳಿಗೆ ಸಂಯಮವಿಲ್ಲ’ ಎಂದು ದೂರುವುದು, ದುಡ್ಡು ಕೊಟ್ಟು ಸಾಕಿದ ನೂರಾರು ಎಂಜಿನಿಯರುಗಳ ಎದುರು ಒಂದು ಮಗುವನ್ನು ಒಂಟಿಯಾಗಿ ನಿಲ್ಲಿಸಿ ಸೋತದ್ದಕ್ಕೆ ಬೈದಂತೆ.

ಕಾನೂನಿಗಾಗಿ ಕಾಯದೆ ಹಳ್ಳಿಗಳೇ ಕಂಡುಕೊಂಡ ದಾರಿಯೊಂದು ನಮ್ಮ ನೆರೆಯಲ್ಲೇ ಇದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ 2022ರಲ್ಲಿ ಒಂದು ನಿಯಮ ಮಾಡಿಕೊಂಡಿತು. ಸಂಜೆ ಏಳಕ್ಕೆ ಊರಿನ ಸೈರನ್ ಮೊಳಗುತ್ತದೆ, ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್. ಬೆಳಗಾವಿ ಬಳಿಯ ಹಲಗಾ ಗ್ರಾಮವೂ 2024ರ ಕೊನೆಯಲ್ಲಿ ಅಂಥದೇ ಪದ್ಧತಿ ಆರಂಭಿಸಿತು. ಇದರಲ್ಲಿ ಸೈರನ್ ಮುಖ್ಯವಲ್ಲ. ನಿಯಮ ಮಗುವಿಗೆ ಮಾತ್ರವಲ್ಲ, ಮನೆಗೆಲ್ಲ ಎಂಬುದು ಮುಖ್ಯ. ತನ್ನೊಬ್ಬಳ ಫೋನು ಹೋದರೆ ಮಗುವಿಗೆ ಅದು ಶಿಕ್ಷೆ. ಊರಿನ ಎಲ್ಲರ ಫೋನೂ ಕೆಳಗಿಟ್ಟರೆ ಅದು ಹಬ್ಬದ ಹಾಗೆ. ಹೈಟ್ ಕೂಡ ಪುಸ್ತಕದುದ್ದಕ್ಕೂ ಒತ್ತಿ ಹೇಳುವುದು ಇದನ್ನೇ: ಇದು ಒಂದೊಂದು ಮನೆ ಒಂಟಿಯಾಗಿ ಗೆಲ್ಲುವ ಹೋರಾಟವಲ್ಲ. ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳೋಣ. ರಾತ್ರಿ ಹತ್ತಕ್ಕೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ನಾಳೆಯ ಹೋಂವರ್ಕು ಬರುತ್ತಿದ್ದರೆ ಫೋನನ್ನು ಕೆಳಗಿಡುವುದು ಹೇಗೆ? ಮಸೀದಿಯ ಜಮಾತಿನಿಂದ ಯುವಕ ಮಂಡಳದವರೆಗೆ ಪ್ರತಿ ಸೂಚನೆಯೂ ಅದರಲ್ಲೇ ಬರುವಾಗ ‘ಇದು ಕೆಟ್ಟದ್ದು’ ಎಂದು ಮಗುವಿಗೆ ಹೇಳುವ ಬಾಯಿ ಯಾವುದು?

ಅಂಕೋಲೆಯ ನೆಲದ ದಿನಕರ ದೇಸಾಯಿಯವರನ್ನು ಇಲ್ಲಿ ನೆನೆಯಬೇಕು. ಅವರು ಮಕ್ಕಳಿಗಾಗಿ ಪದ್ಯ ಬರೆದರು, ಚುಟುಕು ಬರೆದರು. ಅಷ್ಟಕ್ಕೇ ನಿಲ್ಲದೆ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಮಕ್ಕಳಿಗೆ ಶಾಲೆಗಳನ್ನು ಕೊಟ್ಟರು. ಓದಿ ಎಂದು ಉಪದೇಶಿಸುವ ಮುನ್ನ ಓದುವ ಜಾಗ ಕಟ್ಟಬೇಕೆಂದು ಬಲ್ಲವರು ಅವರು. ಇಂದು ಕಟ್ಟಬೇಕಾದವು ಅಂಥ ದೊಡ್ಡ ಕಟ್ಟಡಗಳೂ ಅಲ್ಲ. 2020ರಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ನಮ್ಮ ಮಕ್ಕಳನ್ನು ಅಲ್ಲಿಗೆ ಎಷ್ಟು ಸಲ ಕರೆದೊಯ್ದಿದ್ದೇವೆ? ಶಾಲೆಯ ಮೈದಾನಕ್ಕೆ ನಾಲ್ಕೂವರೆಗೆ ಬೀಗ ಬೀಳುತ್ತದೆ. ಆರೂವರೆಯ ತನಕ ಅದನ್ನು ತೆರೆದಿಡಲು ಒಬ್ಬ ಹಿರಿಯರು ಕುರ್ಚಿ ಹಾಕಿ ಕುಳಿತರೆ ಸಾಕು. ವಾರದಲ್ಲಿ ಎರಡು ಸಂಜೆ ಅದು ಹುಡುಗಿಯರಿಗೆ ಮಾತ್ರ ಎಂದರೆ ಹುಡುಗರೇನೂ ಬಡವಾಗುವುದಿಲ್ಲ. ಮದರಸಾದ ಅಂಗಳ, ಸಮುದಾಯ ಭವನ, ಮದುವೆ ಮಂಟಪಗಳು ವರ್ಷದ ಬಹುಪಾಲು ದಿನ ಖಾಲಿ ಬಿದ್ದಿರುತ್ತವೆ. ಇವುಗಳಲ್ಲಿ ಒಂದನ್ನಾದರೂ ಮಕ್ಕಳಿಗೆ ಬಿಟ್ಟುಕೊಡಲು ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.

ಆತಂಕ ಕಾಯಿಲೆಯ ಮಟ್ಟಕ್ಕೆ ಹೋದಾಗ ಮಾತ್ರ ಉಪದೇಶವೂ ಆಟವೂ ಸಾಲುವುದಿಲ್ಲ. ವಾರಗಟ್ಟಲೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಕಾರಣವಿಲ್ಲದ ಅಳು, ನಿದ್ದೆಗೇಡು, ಊಟ ಬಿಡುವುದು, ಸಾಯುವ ಮಾತು, ಇವನ್ನು ‘ನಾಟಕ’ ಎಂದೋ ‘ನಜರ್’ ಎಂದೋ ತಳ್ಳಿಹಾಕಬಾರದು. ತಜ್ಞರನ್ನು ಕಾಣಲು ಗೋವೆಗೋ ಮಣಿಪಾಲಕ್ಕೋ ಓಡುವುದು ನಮ್ಮ ಜಿಲ್ಲೆಯವರಿಗೆ ರೂಢಿಯಾಗಿದೆ. ಅದಕ್ಕೂ ಮೊದಲು ಮಾಡಬಹುದಾದ ಕೆಲಸವೊಂದಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಅದು ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಫೋನು ಒಳ್ಳೆಯದಕ್ಕೂ ಬರುತ್ತದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ನಾವು ಹುಡುಗರಾಗಿದ್ದಾಗ ನಮ್ಮ ಊರಿಗೂ ಒಂದು ಸೈರನ್ ಇತ್ತು. ಕಡಲತೀರದಲ್ಲಿ ಆಡುತ್ತಿದ್ದ ನಮ್ಮನ್ನು ಮಗ್ರಿಬಿನ ಅಜಾನ್ ಮನೆಗೆ ಕರೆಯುತ್ತಿತ್ತು. ಅದೇ ಹೊತ್ತಿಗ ಪಕ್ಕದ ಕೇರಿಯಲ್ಲಿ ತುಳಸಿಗೆ ದೀಪ ಹಚ್ಚಿ ಗೆಳೆಯರ ಅಮ್ಮಂದಿರು ಅವರವರ ಮಕ್ಕಳ ಹೆಸರು ಹಿಡಿದು ಕೂಗುತ್ತಿದ್ದರು. ಮನೆಗೆ ಬಾ ಎಂದು ಕರೆಯಬೇಕಾದರೆ ಮಗು ಮೊದಲು ಹೊರಗೆ ಹೋಗಿರಬೇಕು. ಇಂದು ಕರೆಯುವ ಕೆಲಸವೇ ಇಲ್ಲ, ಮಗು ಒಳಗೇ ಇದೆ.

ಎಂಟನೆಯ ತರಗತಿಯ ಆ ಹುಡುಗಿಗೆ ಈಗ ಏನು ಹೇಳುತ್ತೇವೆ? ಮಗಳೇ, ಅಂದು ನಿನಗೆ ನಾವು ಕೊಟ್ಟ ಉತ್ತರ ತಪ್ಪಾಗಿತ್ತು. ಪ್ರಶ್ನೆ ನಿನ್ನದಾದರೂ ಉತ್ತರಿಸಬೇಕಾದವರು ಸಭೆಯಲ್ಲಿ ಕುಳಿತು ನಕ್ಕ ನಾವು. ನಿನ್ನ ಶಾಲೆಯ ಪುಸ್ತಕದ ಕಪಾಟಿನ ಬೀಗವನ್ನು ಮೊದಲು ತೆಗೆಸುತ್ತೇವೆ. ಮೈದಾನದಲ್ಲಿ ನಿನಗೊಂದು ಸಂಜೆ ಬೇಕೆಂದು ನಿನ್ನ ಅಬ್ಬೂ ಜೊತೆ, ಮುಖ್ಯ ಗುರುಗಳ ಜೊತೆ ಮಾತಾಡುತ್ತೇವೆ. ಆ ಮೇಲೆ ಬಂದು ನಿನ್ನ ಕೈಯಲ್ಲಿರುವ ಫೋನನ್ನು ಕೇಳುತ್ತೇವೆ. ಅಲ್ಲಿಯವರೆಗೆ ಕೇಳಲು ನಮಗೆ ಮುಖವಿಲ್ಲ.